ಮೊದಲ ಭಾನುವಾರವೇ ಬಿಳಿಕೆರೆಗೆ ಬೇಡ!

ಹೊಸ ಸೈಕಲ್ ತಂದವರ ಕಥೆ ನಮ್ಮ ನಾಲ್ಕೂ ತಾಲೂಕುಗಳಲ್ಲಿ ಒಂದೇ. ಡಾಕ್ಟರು ಹೇಳಿದರು ಅಂತಲೋ, ಮಗ ಹಠ ಮಾಡಿದ ಅಂತಲೋ, ಪೆಟ್ರೋಲ್ ಬಂಕಿನ ಬೋರ್ಡು ನೋಡಿ ಎದೆ ಝಲ್ಲೆಂದಿತು ಅಂತಲೋ ಹದಿನೈದು ಇಪ್ಪತ್ತು ಸಾವಿರ ಸುರಿದು ಗೇರ್ ಸೈಕಲ್ ತರುತ್ತಾರೆ. ಶನಿವಾರ ಪೂಜೆ ಆಗುತ್ತೆ. ಭಾನುವಾರ ಬೆಳಿಗ್ಗೆ ಹುಣಸೂರಿನಿಂದ ಬಿಳಿಕೆರೆಗೆ ಹೊರಟೇಬಿಡುತ್ತಾರೆ. ಹೋಗುವಾಗ ಹುರುಪು, ಬರುವಾಗ ತೊಡೆ ಬಿಗಿದು, ಬಾಯಿ ಒಣಗಿ, ಸೈಕಲ್ ತಳ್ಳಿಕೊಂಡು ವಾಪಸ್. ಸೋಮವಾರ ಅಂಗಡಿಯ ಮೂರು ಮೆಟ್ಟಿಲು ಹತ್ತಲಿಕ್ಕೂ ಗೋಡೆ ಹಿಡಿಯಬೇಕು. ಆಮೇಲೆ ಆ ಸೈಕಲ್ಲು ಅಕ್ಕಿ ಮೂಟೆಗಳ ಹಿಂದೆ ಧೂಳು ಹಿಡಿದು ನಿಲ್ಲುತ್ತೆ. ‘ಈ ವಯಸ್ಸಿನಲ್ಲಿ ನಮ್ಮ ಕೈಲಿ ಆಗೋದಲ್ಲ ಬಿಡಿ’ ಎಂಬ ತೀರ್ಪೂ ಸಿದ್ಧವಾಗುತ್ತೆ.

ಆಗುತ್ತೆ ಸ್ವಾಮಿ. ಖಂಡಿತ ಆಗುತ್ತೆ. ಕೆಟ್ಟದ್ದು ವಯಸ್ಸೂ ಅಲ್ಲ, ಸೈಕಲ್ಲೂ ಅಲ್ಲ. ಕೆಟ್ಟದ್ದು ಲೆಕ್ಕ. ಮೊದಲ ತಿಂಗಳೇ ಹತ್ತು ಲಕ್ಷದ ವ್ಯಾಪಾರ ಮಾಡುತ್ತೇನೆಂದು ಅಂಗಡಿ ತೆರೆಯುವವರು ಉಂಟೇ? ದೇಹಕ್ಕೂ ಅದೇ ಲೆಕ್ಕ. ಇವತ್ತು ಈ ಅಂಕಣದಲ್ಲಿ ಚರಂಡಿ, ಬೀದಿ ದೀಪಗಳ ವಿಷಯ ಒಂದು ದಿನ ಬದಿಗಿಟ್ಟು ಸೈಕಲ್ಲಿನ ವಿಷಯವನ್ನೇ ಎತ್ತಿಕೊಂಡಿದ್ದೇವೆ. ಇದು ಬರೀ ಆರೋಗ್ಯದ ಮಾತಲ್ಲ; ಬಸ್ಸಿನ ಮಾತೂ ಹೌದು, ಸ್ಕೂಲಿನ ಮಾತೂ ಹೌದು, ರಸ್ತೆಯ ಮಾತೂ ಹೌದು.

ಕಾಲಿಗಿಂತ ಮೊದಲು ಸೀಟು

ಸೈಕಲ್ ಹೊಡೆದರೆ ಮಂಡಿ ನೋವು ಅನ್ನುವವರಲ್ಲಿ ಅರ್ಧ ಜನರ ಸೀಟು ತಗ್ಗಿನಲ್ಲಿರುತ್ತೆ. ಗೋಡೆಗೆ ಒರಗಿ ಸೀಟಿನ ಮೇಲೆ ಕುಳಿತು, ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು ಪೂರ್ತಿ ಕೆಳಗೆ ತನ್ನಿ. ಕಾಲು ನೇರ ಆಗಬೇಕು. ಆಗ ತುಳಿಯುವಾಗ ಪಾದದ ಮುಂಭಾಗ ಪೆಡಲಿನ ಮೇಲಿದ್ದರೆ ಮಂಡಿ ಒಂದಿಷ್ಟೇ ಬಾಗಿರುತ್ತೆ. ಅಷ್ಟೇ ಎತ್ತರ ಸಾಕು. ಸೈಕಲ್ ಶಾಪಿನವನು ಒಂದು ಸ್ಪಾನರ್ ಹಿಡಿದು ಎರಡು ನಿಮಿಷದಲ್ಲಿ ಮಾಡಿಕೊಡುತ್ತಾನೆ.

ಟೈರಿನ ಗಾಳಿಯೂ ಹಾಗೇ. ಎಷ್ಟು ಇರಬೇಕೆಂದು ಟೈರಿನ ಬದಿಯಲ್ಲೇ ಅಚ್ಚಾಗಿರುತ್ತೆ, ನಾವು ಓದುವುದಿಲ್ಲ ಅಷ್ಟೆ. ಗಾಳಿ ಇಳಿದ ಟೈರಿನಲ್ಲಿ ಐದು ಕಿ.ಮೀ. ಹೋಗುವುದೂ, ಹಿಂದಿನ ಕ್ಯಾರಿಯರ್ ಮೇಲೆ ಒಬ್ಬರನ್ನು ಕೂರಿಸಿಕೊಂಡು ಹೋಗುವುದೂ ಹೆಚ್ಚುಕಮ್ಮಿ ಒಂದೇ ಕಷ್ಟ. ವಾರಕ್ಕೊಮ್ಮೆ ಗಾಳಿ, ಹದಿನೈದು ದಿನಕ್ಕೊಮ್ಮೆ ಚೈನಿಗೆ ನಾಲ್ಕು ಹನಿ ಎಣ್ಣೆ. ಇಷ್ಟಾದರೆ ತಾತನ ಕಾಲದ ಇಪ್ಪತ್ತು ಕೆ.ಜಿ. ಆಸುಪಾಸಿನ ಕಪ್ಪು ಸೈಕಲ್ಲೂ ಓಡುತ್ತೆ. ಹೊಸದೇ ಬೇಕೆಂದೇನಿಲ್ಲ.

ಇನ್ನು ತುಳಿತ. ಗೇರ್ ಇದ್ದವರು ಭಾರದ ಗೇರ್ ಹಾಕಿ ಗುದ್ದಿ ಗುದ್ದಿ ತುಳಿಯುತ್ತಾರೆ, ಅದೇ ಶಕ್ತಿ ಅಂದುಕೊಂಡು. ತಪ್ಪು. ಹಗುರ ಗೇರಿನಲ್ಲಿ ಸಲೀಸಾಗಿ ಕಾಲು ತಿರುಗಬೇಕು. ಬಲ ಮಂಡಿ 15 ಸೆಕೆಂಡಿನಲ್ಲಿ 15ರಿಂದ 18 ಸಲ ಮೇಲೆ ಬಂದರೆ ಹೊಸಬರಿಗೆ ಸರಿಯಾದ ಲಯ. ಭಾರ ತುಳಿದರೆ ಮಂಡಿ ಸವೆಯುತ್ತೆ. ಹಗುರ ತುಳಿದರೆ ಉಸಿರು ಬಲವಾಗುತ್ತೆ.

ಹನ್ನೆರಡು ವಾರದ ಚೀಟಿ

ಮೊದಲ ವಾರ ದೂರದ ಲೆಕ್ಕವೇ ಬೇಡ, ಗಡಿಯಾರ ನೋಡಿ. ಹದಿನೈದು ಇಪ್ಪತ್ತು ನಿಮಿಷ, ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಪಕ್ಕದಲ್ಲಿ ಬರುವವನ ಜೊತೆ ಅಕ್ಕಿ ರೇಟು ಮಾತಾಡುತ್ತಾ ಹೋಗುವಷ್ಟು ನಿಧಾನ. ಮಾತು ತುಂಡು ತುಂಡಾದರೆ ಜೋರಾಯ್ತು ಅಂತ ಅರ್ಥ, ಇಳಿಸಿ. ಇದಕ್ಕಿಂತ ಒಳ್ಳೆ ಮೀಟರು ಪೇಟೆಯಲ್ಲಿ ಸಿಗುವುದಿಲ್ಲ.

ಎರಡು ದಿನ ಸಣ್ಣ ಸವಾರಿ, ಒಂದು ದಿನ ಉದ್ದದ ಸವಾರಿ ಎಂದು ಇಟ್ಟುಕೊಳ್ಳಿ. ಬೆಳೆಯಬೇಕಾದ್ದು ಆ ಉದ್ದದ್ದು ಮಾತ್ರ. ಮೊದಲ ವಾರ ಒಟ್ಟು 6 ಕಿ.ಮೀ., ಎರಡನೇ ವಾರ 8, ಮೂರನೇ ವಾರ 10. ನಾಲ್ಕನೇ ವಾರ ಬೇಕೆಂದೇ ಮತ್ತೆ 8ಕ್ಕೆ ಇಳಿಯಿರಿ. ಐದರಲ್ಲಿ 12, ಆರರಲ್ಲಿ 14, ಏಳರಲ್ಲಿ 16. ಎಂಟರಲ್ಲಿ ಮತ್ತೆ 12. ಒಂಬತ್ತಕ್ಕೆ 18, ಹತ್ತಕ್ಕೆ 20, ಹನ್ನೊಂದಕ್ಕೆ 23, ಹನ್ನೆರಡನೇ ವಾರ 16. ಹದಿಮೂರನೇ ಭಾನುವಾರ ಹುಣಸೂರಿನವರು ಪಿರಿಯಾಪಟ್ಟಣಕ್ಕೆ ಹೊರಡಬಹುದು. ಇಪ್ಪತ್ತು ಚಿಲ್ಲರೆ ಕಿ.ಮೀ. ಅಲ್ಲಿ ದೋಸೆ ತಿಂದು, ಕಾಫಿ ಕುಡಿದು, ಒಂದು ಗಂಟೆ ಕುಳಿತು, ಹಿಂದಕ್ಕೆ ಸೈಕಲ್ಲಿನಲ್ಲೇ ಬರುವುದೋ ಬೇರೆ ಏರ್ಪಾಟೋ ಎಂದು ಆಗ ತೀರ್ಮಾನಿಸಿದರಾಯ್ತು. ನಾಚಿಕೆ ಏನೂ ಇಲ್ಲ.

ನಾಲ್ಕನೇ ವಾರ ಯಾಕೆ ಇಳಿಯಬೇಕು ಎಂದು ಕೇಳಬಹುದು. ಹೃದಯ, ಶ್ವಾಸಕೋಶ ಬೇಗ ಕಲಿಯುತ್ತವೆ. ಮೂರು ನಾಲ್ಕು ವಾರದಲ್ಲೇ ಏದುಸಿರು ಕಮ್ಮಿಯಾಗುತ್ತೆ. ಆದರೆ ಮಂಡಿಯ, ಹಿಮ್ಮಡಿಯ ನರಕಟ್ಟುಗಳು ನಿಧಾನದ ಆಸಾಮಿಗಳು. ಉಸಿರು ‘ಹೂಂ’ ಅಂದಾಗ ಅವು ‘ಇರಪ್ಪಾ, ಇನ್ನೂ ಸ್ವಲ್ಪ ತಡಿ’ ಅನ್ನುತ್ತಿರುತ್ತವೆ. ಮಾಂಸಖಂಡ ಬಲಿಯುವುದೂ ತುಳಿಯುವಾಗಲ್ಲ, ಆಮೇಲೆ ಮಲಗಿದಾಗ. ಕೂರುವ ಜಾಗದ ನೋವು ಮಾತ್ರ ಎಲ್ಲರಿಗೂ ಬರುತ್ತೆ, ಎರಡು ಮೂರು ವಾರದಲ್ಲಿ ಹೋಗುತ್ತೆ. ಅದಕ್ಕೆ ದಪ್ಪ ಮೆತ್ತೆಯ ಸೀಟು ಮದ್ದಲ್ಲ. ಮದ್ದು ತಾಳ್ಮೆ.

ಮೈಸೂರಿನ ಕಡೆಯಿಂದ ಹೆಲ್ಮೆಟ್ ಹಾಕಿ ಸಾಲಾಗಿ ಹೋಗುವ ದೂರದ ಸವಾರರನ್ನು ಬಸ್ಸಿನ ಕಿಟಕಿಯಿಂದ ನೀವು ನೋಡಿರಬಹುದು. ಅವರಲ್ಲಿ ಕೆಲವರು ‘ಬ್ರೆವೆ’ ಎಂಬ ಸವಾರಿಗೆ ತಯಾರಾಗುವವರು. 200 ಕಿ.ಮೀ.ಯನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು, ಗೆದ್ದವರು ಸೋತವರು ಅಂತಿಲ್ಲ. ಲೆಕ್ಕ ಹಾಕಿ ನೋಡಿ: ಗಂಟೆಗೆ ಹದಿನೈದು ಕಿ.ಮೀ.ಗಿಂತ ಕಮ್ಮಿ! ನಮ್ಮ ಹಾಲಿನವನು ಕ್ಯಾನು ಕಟ್ಟಿಕೊಂಡು ಹೋಗುವ ವೇಗ. ಅವರ ಗುಟ್ಟು ವೇಗದಲ್ಲಿಲ್ಲ. ನಿಲ್ಲದೆ ಹೋಗುವುದರಲ್ಲಿ, ಹೊತ್ತಿಗೆ ಸರಿಯಾಗಿ ತಿನ್ನುವುದರಲ್ಲಿ, ಮೊದಲ ಗಂಟೆ ಹುಚ್ಚಾಟ ಆಡದಿರುವುದರಲ್ಲಿ ಇದೆ.

ನೀರು, ಬಾಳೆಹಣ್ಣು, ಸಕ್ಕರೆ

ಒಂದು ಗಂಟೆಯೊಳಗಿನ ಸವಾರಿಗೆ ನೀರು ಸಾಕು. ಗಂಟೆಗೆ ಅರ್ಧ ಲೀಟರ್ ಸುಮಾರು, ಗುಟುಕು ಗುಟುಕಾಗಿ. ಮಾರ್ಚ್ ಏಪ್ರಿಲ್ ಬಿಸಿಲಿಗೆ ಇನ್ನೂ ಹೆಚ್ಚು, ಜೊತೆಗೆ ಚಿಟಿಕೆ ಉಪ್ಪು, ನಿಂಬೆಹಣ್ಣು. ಒಂದು ಗಂಟೆ ದಾಟಿದರೆ ಹೊಟ್ಟೆಗೆ ಬೇಕು. ಗಂಟೆಗೊಂದೆರಡು ಬಾಳೆಹಣ್ಣು, ಇಲ್ಲವೇ ಕಡಲೆಮಿಠಾಯಿ. ಹಸಿವಾದ ಮೇಲೆ ತಿನ್ನುತ್ತೇನೆ ಅನ್ನಬೇಡಿ. ಮೈಯಲ್ಲಿ ಕೂಡಿಟ್ಟ ಸಕ್ಕರೆ ಒಂದೂವರೆ ಎರಡು ಗಂಟೆಯ ಬಿರುಸಿನ ತುಳಿತಕ್ಕೆ ಮುಗಿಯುತ್ತೆ. ಮುಗಿದ ಮೇಲೆ ಕಣ್ಣು ಕತ್ತಲೆ ಬಂದು ರಸ್ತೆ ಬದಿಯಲ್ಲಿ ಕೂರುವುದೇ ಗತಿ.

ಇಲ್ಲೊಂದು ಎಚ್ಚರಿಕೆಯ ಮಾತು. ಬೆಳಿಗ್ಗೆಯಿಂದ ರಾತ್ರಿವರೆಗೆ ಗಲ್ಲಾ ಪೆಟ್ಟಿಗೆ ಮುಂದೆ ಕೂರುವ ನಮ್ಮ ವರ್ತಕರಲ್ಲಿ ಸಕ್ಕರೆ ಕಾಯಿಲೆ, ಬಿ.ಪಿ. ಇರುವವರು ಬಹಳ. ಅವರಿಗೆ ಸೈಕಲ್ ಒಳ್ಳೆಯದೇ. ವಾರಕ್ಕೆ 150 ನಿಮಿಷದಿಂದ 300 ನಿಮಿಷ ಸಾಧಾರಣ ಬಿರುಸಿನ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ ತುಳಿದರೆ ಆಯ್ತು. ಆದರೆ ಇನ್ಸುಲಿನ್ ಚುಚ್ಚಿಕೊಳ್ಳುವವರು, ಸಕ್ಕರೆ ಇಳಿಸುವ ಕೆಲವು ಮಾತ್ರೆ ನುಂಗುವವರು ಖಾಲಿ ಹೊಟ್ಟೆಯಲ್ಲಿ ಹೊರಟರೆ ಸಕ್ಕರೆ ಅತಿಯಾಗಿ ಇಳಿದು ಬಿದ್ದುಬಿಡಬಹುದು. ಮೊದಲು ಡಾಕ್ಟರನ್ನು ಕೇಳಿ. ಜೇಬಿನಲ್ಲಿ ಒಂದು ಹಿಡಿ ಸಕ್ಕರೆಯೋ ಗ್ಲೂಕೋಸ್ ಪೊಟ್ಟಣವೋ ಇರಲಿ. ಎದೆ ಹಿಡಿದಂತಾದರೆ, ಎಡ ತೋಳು ಅಥವಾ ದವಡೆ ಸೆಳೆದರೆ, ತಲೆ ತಿರುಗಿದರೆ ಅಲ್ಲೇ ಇಳಿದು ಆಸ್ಪತ್ರೆಗೆ ಹೋಗಿ. ‘ಗ್ಯಾಸ್ಟ್ರಿಕ್ ಇರಬೇಕು, ಊರು ಮುಟ್ಟಿ ನೋಡೋಣ’ ಎಂಬ ಧೈರ್ಯ ಬೇಡ.

ಎಲ್ಲಿ ತುಳಿಯುವುದು?

ಹೊಸಬರಿಗೆ ನಾಲ್ಕು ತಾಲೂಕಿನಲ್ಲಿ ಅದೃಷ್ಟವಂತರೆಂದರೆ ಕೆ.ಆರ್.ನಗರದವರು. ಕಾವೇರಿಯ ಬಯಲು, ಚಾಮರಾಜ ನಾಲೆ, ಮಿರ್ಲೆ ನಾಲೆಯ ಸೀಮೆ. ಗದ್ದೆ ಬಯಲಿನ ಹಳ್ಳಿ ರಸ್ತೆಗಳಲ್ಲಿ ದೊಡ್ಡ ಏರಿಲ್ಲ, ಲಾರಿ ಕಾಟ ಕಮ್ಮಿ. ಸುಮಾರು 15 ಕಿ.ಮೀ. ದೂರದ ಚುಂಚನಕಟ್ಟೆ ಎರಡು ತಿಂಗಳ ಅಭ್ಯಾಸಕ್ಕೆ ಒಳ್ಳೆಯ ಗುರಿ. ನಾಲ್ಕರಲ್ಲಿ ರೈಲು ಇರುವ ಊರೂ ಅದೊಂದೇ ಎಂಬುದು ಬೇರೆ ಮಾತು.

ಹುಣಸೂರಿನವರು ಹೆದ್ದಾರಿ ಬಿಟ್ಟು ಕಟ್ಟೆಮಳಲವಾಡಿ ಕಡೆಯ ರಸ್ತೆ ನೋಡಬಹುದು. ಪಿರಿಯಾಪಟ್ಟಣದವರಿಗೆ ಒಂದು ಕಿವಿಮಾತು: ಮುಂಗಾರಿನಲ್ಲಿ ಗಾಳಿ ಪಡುವಲಿಂದಲೇ ಬೀಸುತ್ತೆ. ಹಾಗಾಗಿ ಬೈಲಕುಪ್ಪೆ ಕಡೆಗೆ ಹೋಗುವಾಗ ಕಷ್ಟ, ಬರುವಾಗ ಸುಖ. ಇದೇ ಸರಿಯಾದ ಕ್ರಮ. ಸಂಪಾದನೆ ಮೊದಲು, ಖರ್ಚು ಆಮೇಲೆ. ಮೊದಲು ಇಳಿಜಾರು, ಬೆನ್ನ ಗಾಳಿ ಸಿಕ್ಕಿತೆಂದು ಹುಣಸೂರಿನ ಕಡೆಗೆ ಹಿಗ್ಗಿ ಹೋದರೆ ಮನೆಗೆ ಬರುವ ದಾರಿಯಲ್ಲಿ ಅಳುವ ಹಾಗಾಗುತ್ತೆ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತೆ ಎಂಬುದು ನೆನಪಿರಲಿ. ಎದುರು ಗಾಳಿಯಲ್ಲಿ ಹಟ ಬೇಡ. ಗೇರ್ ಇಳಿಸಿ, ತಲೆ ತಗ್ಗಿಸಿ, ಸುಮ್ಮನೆ ತುಳಿಯಿರಿ.

ಎಚ್.ಡಿ.ಕೋಟೆಯವರ ಕಷ್ಟವೇ ಬೇರೆ. ಸರಗೂರಿನ ಕಡೆಗೆ, ಹಂಪಾಪುರದ ಕಡೆಗೆ ಹೋಗಬಹುದು. ಆದರೆ ಅಂತರಸಂತೆಯಿಂದ ಆಚೆ, ಹಾಗೆಯೇ ಹುಣಸೂರು ತಾಲೂಕಿನ ಹನಗೋಡು, ವೀರನಹೊಸಹಳ್ಳಿ ಅಂಚಿನಲ್ಲಿ ಆನೆಯ ಭಯವುಂಟು. ಬೇರೆ ಕಡೆ ‘ಬೆಳಿಗ್ಗೆ ಐದಕ್ಕೇ ಹೊರಡಿ, ತಂಪು’ ಅನ್ನುತ್ತೇವೆ. ಕಾಡಂಚಿನಲ್ಲಿ ಆ ಮಾತು ಹೇಳಲಾರೆವು. ಚೆನ್ನಾಗಿ ಬೆಳಕು ಹರಿದ ಮೇಲೆ ಹೊರಟು, ಸಂಜೆ ಬೆಳಕಿರುವಾಗಲೇ ಮನೆ ಸೇರಿ. ಕಾಡಿನ ಗೇಟಿನ ಒಳಕ್ಕೆ ಸೈಕಲ್ ಒಯ್ಯುವ ಯೋಚನೆಯೇ ಬೇಡ. ಸೈಕಲ್ಲಿಗೆ ಸದ್ದಿಲ್ಲ, ಆನೆಗೂ ನಿಮಗೂ ಇಬ್ಬರಿಗೂ ಒಮ್ಮೆಲೇ ಗಾಬರಿ!

ಸುಗ್ಗಿಯ ಕಾಲದಲ್ಲಿ ಇನ್ನೊಂದು ರಗಳೆ. ಹುರುಳಿ, ರಾಗಿ ತೆನೆಯನ್ನು ಡಾಂಬರಿನ ಮೇಲೆ ಹಾಸಿ ಒಕ್ಕಣೆ ಮಾಡುತ್ತಾರೆ. ಕಣ ಇಲ್ಲದ ರೈತ ಮತ್ತೆಲ್ಲಿಗೆ ಹೋಗಬೇಕು ಎಂಬುದೂ ನಿಜವೇ. ಆದರೆ ಕಾರಿಗೆ ಏನೂ ಆಗದ ಆ ಹುರುಳಿ ಸೊಪ್ಪು ಸೈಕಲ್ಲಿನ ಚೈನಿಗೆ ಸುತ್ತಿಕೊಂಡು ಮುಗ್ಗರಿಸುತ್ತೆ. ಕಂಡ ತಕ್ಷಣ ಇಳಿದು ತಳ್ಳಿಕೊಂಡು ದಾಟಿ. ಹಾಗೆಯೇ ತಂಬಾಕು ಹರಾಜಿನ ದಿನಗಳಲ್ಲಿ ಹುಣಸೂರು, ಪಿರಿಯಾಪಟ್ಟಣದ ರಸ್ತೆಗಳಲ್ಲಿ ಬೇಲ್ ತುಂಬಿದ ಗಾಡಿಗಳ ಸಾಲು. ಅದರ ಹಿಂದೆ ಅಂಟಿಕೊಂಡು ಹೋಗಬೇಡಿ. ಹಿಂದೆ ಕೆಂಪು ದೀಪ, ಮೈಮೇಲೆ ತಿಳಿ ಬಣ್ಣದ ಅಂಗಿ, ತಲೆಗೆ ಹೆಲ್ಮೆಟ್. ಡೈನಮೋ ದೀಪ ಇಲ್ಲದಿದ್ದರೆ ಪೊಲೀಸರು ಹಿಡಿದು ನಿಲ್ಲಿಸುತ್ತಿದ್ದ ಕಾಲವನ್ನು ಹಿರಿಯರು ಮರೆತಿಲ್ಲ. ಈಗ ಹಿಡಿಯುವವರಿಲ್ಲ, ಗುದ್ದುವವರು ಇದ್ದಾರೆ.

ಮಕ್ಕಳ ಸೈಕಲ್ ಎಲ್ಲಿ ಹೋಯ್ತು?

ಇಷ್ಟೂ ಹೇಳಿದ್ದು ಇಷ್ಟಪಟ್ಟು ತುಳಿಯುವವರಿಗೆ. ಅನಿವಾರ್ಯವಾಗಿ ತುಳಿಯುವವರ ಮಾತಿಗೆ ಬರೋಣ.

2006-07ರಲ್ಲಿ ರಾಜ್ಯ ಸರ್ಕಾರ ಹೈಸ್ಕೂಲು ಸೇರುವ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿತು. ಆಗ ನಮ್ಮ ಹಳ್ಳಿ ರಸ್ತೆಗಳಲ್ಲಿ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಯೂನಿಫಾರಂ ತೊಟ್ಟ ಹುಡುಗಿಯರ ಸೈಕಲ್ ಸಾಲು ನೋಡುವುದೇ ಒಂದು ಚೆಂದ. ಅದೇ 2006ರಲ್ಲಿ ಬಿಹಾರವೂ ಹೈಸ್ಕೂಲು ಹುಡುಗಿಯರಿಗೆ ಇಂಥದೇ ಯೋಜನೆ ತಂದಿತು. ಅದನ್ನು ಅರ್ಥಶಾಸ್ತ್ರಜ್ಞರು ಅಳೆದು ನೋಡಿದಾಗ, ಹೈಸ್ಕೂಲಿಗೆ ಸೇರುವ ಹುಡುಗಿಯರ ಸಂಖ್ಯೆ ಸುಮಾರು ಮೂರನೇ ಒಂದು ಭಾಗದಷ್ಟು ಏರಿತ್ತು. ಹೆಚ್ಚಿನ ಲಾಭ ಆಗಿದ್ದು ಹೈಸ್ಕೂಲಿನಿಂದ ಮೂರು ಕಿ.ಮೀ.ಗಿಂತ ದೂರದ ಹಳ್ಳಿಗಳಲ್ಲಿ. ಮೂರು ಕಿ.ಮೀ. ಸ್ವಾಮಿ! ಅಂದರೆ ಮೇಲೆ ಹೇಳಿದ ಚೀಟಿಯಲ್ಲಿ ಮೊದಲ ವಾರದ ಅರ್ಧ ಸವಾರಿ. ಅಷ್ಟು ದೂರವೇ ಒಂದು ಹುಡುಗಿಯ ಓದಿಗೆ ಅಡ್ಡಗೋಡೆ, ಒಂದು ಸೈಕಲ್ಲೇ ಅದಕ್ಕೆ ಏಣಿ.

ಕೋವಿಡ್ ಬಂದ 2020ರಲ್ಲಿ ನಮ್ಮ ರಾಜ್ಯದ ಸೈಕಲ್ ವಿತರಣೆ ನಿಂತಿತು. ಕೋವಿಡ್ ಹೋದ ಮೇಲೆ ಶಾಲೆ ತೆರೆಯಿತು, ಬಸ್ಸು ಓಡಿತು, ಸಂತೆ ಸೇರಿತು. ಸೈಕಲ್ ಮಾತ್ರ ಹಿಂದಿನಂತೆ ಸಾಲಾಗಿ ಬರಲಿಲ್ಲ. 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತ. ಒಳ್ಳೆಯದೇ ಆಯಿತು, ನಾವೂ ಸ್ವಾಗತಿಸುತ್ತೇವೆ. ಆದರೆ ಬಸ್ಸೇ ಬಾರದ ಹಳ್ಳಿಗೆ ಉಚಿತ ಟಿಕೆಟಿನಿಂದ ಏನು ಪ್ರಯೋಜನ? ಬಂದ ಬಸ್ಸಿನ ಬಾಗಿಲಲ್ಲಿ ಜೋತುಬಿದ್ದ ಮಕ್ಕಳನ್ನು ದಿನಾ ನೋಡುವ ಪ್ರಯಾಣಿಕರಿಗೆ ಇದನ್ನು ನಾವು ಬಿಡಿಸಿ ಹೇಳಬೇಕಿಲ್ಲ.

ಸೈಕಲ್ ಕೊಟ್ಟ ಕಾಲದಲ್ಲೂ ಒಂದು ಕೊರತೆ ಇತ್ತು. ಸೈಕಲ್ ಕೊಟ್ಟರು, ತುಳಿಯುವುದನ್ನು ಹೇಳಿಕೊಡಲಿಲ್ಲ. ಕುಳ್ಳಗಿನ ಹುಡುಗಿಗೂ ಎತ್ತರದ ಹುಡುಗಿಗೂ ಒಂದೇ ಅಳತೆಯ ಸೀಟು. ಪಂಕ್ಚರ್ ಹಾಕುವುದು, ಬ್ರೇಕ್ ಬಿಗಿ ಮಾಡುವುದು, ಎಡಕ್ಕೆ ಹೇಗೆ ಹೋಗಬೇಕೆಂಬುದು ಯಾವ ಪಾಠದಲ್ಲೂ ಇಲ್ಲ. ಶಾಲೆ ಶುರುವಾಗುವ ಜೂನ್‌ನಲ್ಲೇ ಸೈಕಲ್ ಕೊಟ್ಟು, ಪಿ.ಟಿ. ಮೇಷ್ಟರ ಎರಡು ಪೀರಿಯಡ್ ಅದಕ್ಕೆ ಮೀಸಲಿಟ್ಟರೆ ಖಜಾನೆಯೇನೂ ಬರಿದಾಗದು.

ರಸ್ತೆಯ ಅಂಚು

ಕೊನೆಗೆ ರಸ್ತೆ. ಕಾಲಿಗೆ ಹನ್ನೆರಡು ವಾರದಲ್ಲಿ ಬಲ ಬರುತ್ತೆ. ಆದರೆ ಡಾಂಬರಿನ ಅಂಚು ಗೇಣುದ್ದ ಕುಸಿದಿದ್ದರೆ ಬಲ ಇದ್ದವನೂ ಬೀಳುತ್ತಾನೆ. ಹಿಂದೆ ಬಸ್ಸು ಹಾರ್ನ್ ಹೊಡೆದಾಗ ಸೈಕಲ್ಲಿನವನು ಕೆಳಗಿಳಿಯಬೇಕು. ಇಳಿಯಲು ಜಾಗವಿಲ್ಲ, ಇಳಿದರೆ ಜಲ್ಲಿ, ಮುಳ್ಳು, ಗುಂಡಿ. ಪದೇ ಪದೇ ರಸ್ತೆ ಮೇಲೆ ಡಾಂಬರಿನ ಪದರ ಏರಿಸುತ್ತಾರೆ, ಪಕ್ಕದ ಮಣ್ಣು ಮಾತ್ರ ಇದ್ದಲ್ಲೇ ಇರುತ್ತೆ. ಬಣ್ಣ ಬಳಿಯದ ಹಂಪುಗಳ ಕಥೆಯಂತೂ ಕೇಳಲೇಬೇಡಿ. ಸೈಕಲ್ ಪಥ ಹೇಗಿರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ 1962ರಲ್ಲೇ ಐ.ಆರ್.ಸಿ. 11 ಎಂಬ ಪುಸ್ತಕ ಮಾಡಿದೆ. ಪುಸ್ತಕಕ್ಕೆ ಅರವತ್ತು ವರ್ಷ ದಾಟಿತು. ನಮ್ಮ ತಾಲೂಕು ರಸ್ತೆಗಳಲ್ಲಿ ಅದರ ನೆರಳೂ ಬಿದ್ದಿಲ್ಲ.

ಮೈಸೂರು ನಗರಕ್ಕೆ 2017ರಲ್ಲಿ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ ಬಂತು. ಸಂತೋಷ. ಅಷ್ಟು ದೊಡ್ಡದನ್ನು ನಾವು ಕೇಳುತ್ತಿಲ್ಲ. ನಮ್ಮ ಬೇಡಿಕೆ ಸಣ್ಣವು. ಒಂದು, ಹೈಸ್ಕೂಲುಗಳಿಗೆ ಹೋಗುವ ರಸ್ತೆಗಳಲ್ಲಾದರೂ ಡಾಂಬರಿನ ಅಂಚಿಗೆ ಸಮವಾಗಿ ಮಣ್ಣು ತುಂಬಿ ಗಟ್ಟಿ ಮಾಡಲಿ, ಹಂಪುಗಳಿಗೆ ಬಿಳಿ ಬಣ್ಣ ಹೊಡೆಯಲಿ. ಎರಡು, ನಾಲ್ಕೂ ಊರಿನ ಬಸ್ ನಿಲ್ದಾಣದ ಪಕ್ಕ ಸೂರು ಇರುವ, ಬೀಗ ಹಾಕಲು ಕಬ್ಬಿಣದ ಸಲಾಕೆ ಇರುವ ಸೈಕಲ್ ಸ್ಟ್ಯಾಂಡ್ ಆಗಲಿ. ಐದಾರು ಕಿ.ಮೀ. ದೂರದ ಹಳ್ಳಿಯವನು ಸೈಕಲ್ಲಿನಲ್ಲಿ ಬಂದು, ಅದನ್ನು ಅಲ್ಲಿ ಬಿಟ್ಟು, ಮೈಸೂರು ಬಸ್ ಹತ್ತುವ ಹಾಗಾದರೆ ಆಟೋ ಕಾಸು ಉಳಿಯಿತು, ಹಳ್ಳಿ ಬಸ್ಸಿಗೆ ಕಾಯುವುದು ತಪ್ಪಿತು. ಮೂರು, ಮಕ್ಕಳ ಸೈಕಲ್ ಯೋಜನೆ ಅಳತೆ ನೋಡಿ, ಹೊತ್ತಿಗೆ ಸರಿಯಾಗಿ ನಡೆಯಲಿ.

ವರ್ತಕರಿಗೂ ಒಂದು ಮಾತು. ಅಂಗಡಿ ಮುಂದೆ ಸೈಕಲ್ ನಿಲ್ಲಿಸಿದರೆ ‘ಎತ್ತಯ್ಯಾ ಆ ಕಡೆಗೆ’ ಎಂದು ಗದರುವುದನ್ನು ಬಿಡಿ. ಕಾರಿನವನು ಮೈಸೂರಿನ ದೊಡ್ಡ ಅಂಗಡಿಗೆ ಹೋಗಿಬಿಡುತ್ತಾನೆ. ಸೈಕಲ್ಲಿನವನು ನಿಮ್ಮಲ್ಲಿಗೇ ಬರುತ್ತಾನೆ, ನಾಳೆಯೂ ಬರುತ್ತಾನೆ.

ಮೂಟೆಯ ಹಿಂದೆ ನಿಂತಿರುವ ಆ ಸೈಕಲ್ಲನ್ನು ನಾಳೆ ಹೊರಗೆ ತೆಗೆಯಿರಿ. ಗಾಳಿ ಹಾಕಿಸಿ, ಸೀಟು ಏರಿಸಿ, ಊರ ಹೊರಗಿನ ಕೆರೆ ಏರಿಯವರೆಗೆ ಹೋಗಿ ವಾಪಸ್ ಬನ್ನಿ. ಹದಿನೈದೇ ನಿಮಿಷ. ಬಿಳಿಕೆರೆ ಎಲ್ಲಿಗೂ ಓಡಿಹೋಗುವುದಿಲ್ಲ. ಮೂರು ತಿಂಗಳಾದ ಮೇಲೆ ಹೋದರಾಯ್ತು. ಅಷ್ಟರಲ್ಲಿ ಸಂಬಂಧಪಟ್ಟವರು ರಸ್ತೆ ಅಂಚಿಗೆ ನಾಲ್ಕು ಲೋಡು ಮಣ್ಣು ಹಾಕಿಸುವರೇ? ಕಾದು ನೋಡೋಣ. ಮೂರು ತಿಂಗಳು ಕಳೆದ ಮೇಲೆ ಇದೇ ಅಂಕಣದಲ್ಲಿ ಮತ್ತೆ ಕೇಳುತ್ತೇವೆ.